ಒಂದು ಇಂಚು ಕಳೆದು

ಶನಿವಾರ ಮಧ್ಯಾಹ್ನ ಒಂದೂವರೆಗೆ ಟೇಪಕ್ಕ ತನ್ನ ಹೊಲಿಗೆ ಅಂಗಡಿಯ ಷಟರ್ ಎಳೆದು ಬೀಗ ಹಾಕಿದಳು. ಅಷ್ಟಕ್ಕೇ ಬೀದಿಯಲ್ಲಿ ಗುಸುಗುಸು ಶುರುವಾಯಿತು. ಔಷಧಿ ಅಂಗಡಿಯವನು ಕೌಂಟರ್ ಬಿಟ್ಟು ಬಾಗಿಲಿಗೆ ಬಂದು ನಿಂತ. ಎದುರಿನ ಬೇಕರಿಯವಳು ದನಿ ತಗ್ಗಿಸಿ, "ಯಾರಾದ್ರೂ ಹೋಗ್ಬಿಟ್ರಾ ಅಕ್ಕ?" ಎಂದು ಕೇಳಿಯೇ ಬಿಟ್ಟಳು. ಅವಳದೇನೂ ತಪ್ಪಿಲ್ಲ ಬಿಡಿ. ಮೈ ಕೆಂಡದಂತೆ ಸುಡುವ ಜ್ವರದಲ್ಲೂ ಹೊದಿಕೆ ಹೊದ್ದು ಮೆಷಿನ್ ತುಳಿದ ಜೀವ ಅದು. ಗಿರಾಕಿಗಳು ಮುಗಿಬೀಳುವ ಶನಿವಾರ, ಅದೂ ಹಾಡಹಗಲೇ, ಬಾಗಿಲು ಹಾಕಿದಳೆಂದರೆ ಸಾವು ಬಿಟ್ಟು ಇನ್ನೇನು ಕಾರಣ ಹೊಳೆದೀತು?

"ಯಾರೂ ಸತ್ತಿಲ್ಲ ಕಣೆ. ಫ್ಯಾಷನ್ ವೀಕ್ ನೋಡ್ಕೊಂಡು ಬರ್ತೀನಿ," ಎಂದಳು ಟೇಪಕ್ಕ.

ಬೇಕರಿಯವಳು ಅದನ್ನು ತಮಾಷೆಯೆಂದೇ ತಿಳಿದು ಬಿದ್ದು ಬಿದ್ದು ನಕ್ಕಳು. ಟೇಪಕ್ಕನೂ ನಕ್ಕ ಹಾಗೆ ಮಾಡಿದಳು. ಹನ್ನೊಂದು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಒಂದೇ ಒಂದು ಮಾತನ್ನು ಇವತ್ತು ತಂಗಿಯ ಮುಂದೆ ಆಡಿಬಿಡಬೇಕೆಂದು ಅವಳು ಹೊರಟಿದ್ದಳು. "ತಪ್ಪು ನಂದು, ನಿಂದಲ್ಲ." ಇಷ್ಟೇ ಮಾತು. ಹೇಳುವುದಕ್ಕೆ ಎಷ್ಟು ಹೊತ್ತು ಬೇಕು, ನೀವೇ ಹೇಳಿ! ಸೂಜಿಗೆ ದಾರ ಪೋಣಿಸುವಷ್ಟು ಹೊತ್ತೂ ಬೇಡ. ಆದರೂ ಹೇಳಲಿಕ್ಕೆ ಹನ್ನೊಂದು ವರ್ಷ ಸಾಲದೆ ಹೋಯಿತು.

ಟೇಪಕ್ಕ ಎನ್ನುವುದು ಬೀದಿ ಕೊಟ್ಟ ಹೆಸರು. ಅಳತೆಯ ಟೇಪು ಸದಾ ಕೊರಳಲ್ಲೇ. ತರಕಾರಿ ತರಲು ಹೋದರೂ ತೆಗೆದಿಡುವ ನೆನಪಿಲ್ಲ. ನಲವತ್ತೆಂಟು ವಯಸ್ಸು. ಮದುವೆಯಾಗಿಲ್ಲ. ಯಾಕೆ ಎಂದು ಕೇಳಿದವರಿಗೆ, "ಅಳತೆಗೆ ಸರಿಯಾದೋನು ಸಿಗಲಿಲ್ಲ," ಎಂದು ಬಾಯಿ ಮುಚ್ಚಿಸುತ್ತಿದ್ದಳು. ನಿಜ ಏನೆಂದರೆ ಅವಳಿಗೆ ಪುರುಸೊತ್ತೇ ಆಗಲಿಲ್ಲ. ಅವಳಿಗೆ ಹದಿನೈದು ತುಂಬಿದಾಗ ತಂಗಿ ಹುಟ್ಟಿದಳು. ಹೆತ್ತ ತಾಯಿ ತಿಂಗಳೊಳಗೆ ಕಣ್ಣು ಮುಚ್ಚಿದಳು. ದರ್ಜಿಯಾಗಿದ್ದ ಅಪ್ಪ ಕೂಸನ್ನು ತಂದು ದೊಡ್ಡ ಮಗಳ ಮಡಿಲಿಗೆ ಹಾಕಿ, ಮೂಗು ಒರೆಸಿಕೊಂಡು, ಮತ್ತೆ ಮೆಷಿನ್ನಿನ ಮುಂದೆ ಕೂತ. ಕೂಸು ಬೆಳೆದದ್ದೆಲ್ಲ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ, ಚೂರು ಬಟ್ಟೆಗಳ ರಾಶಿಯಲ್ಲಿ. ಎರಡು ವರ್ಷದವಳಿದ್ದಾಗ ಅಂಗಿಯ ಗುಂಡಿಯೊಂದನ್ನು ನುಂಗಿ, ಎರಡು ದಿನ ಅಕ್ಕನ ಜೀವ ಹಿಂಡಿ, ಮೂರನೆಯ ದಿನ ಅದು ಬರಬೇಕಾದ ದಾರಿಯಲ್ಲಿ ಅದನ್ನು ವಾಪಸು ಕೊಟ್ಟಳು. ಅವತ್ತಿನಿಂದ ಅವಳ ಹೆಸರೇ ಗುಂಡಿ. ಅವಳಿಗೆ ಹತ್ತಾದಾಗ ಅಪ್ಪನೂ ಹೋದ. ಆಮೇಲೆ ಅಂಗಡಿ, ಅಂಗಡಿಯ ಹಿಂದಿನ ಎರಡು ಕೋಣೆ, ಮತ್ತು ಅಕ್ಕ ತಂಗಿ, ಇಷ್ಟೇ ಸಂಸಾರ.

ಆ ಗುಂಡಿಯ ಕೈಯನ್ನು ನೀವು ನೋಡಬೇಕಿತ್ತು! ಹೊಲಿಯುವವರು ಊರಿಗೆ ಸಾವಿರ ಜನ ಸಿಗುತ್ತಾರೆ, ಕತ್ತರಿಸುವವರು ಸಿಗುವುದಿಲ್ಲ. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿಸಿದ ಬಟ್ಟೆಯನ್ನು ಯಾರು ಕೂಡಿಸುತ್ತಾರೆ? ಅದಕ್ಕೇ ಎಂಥೆಂಥ ಪಳಗಿದ ದರ್ಜಿಯೂ ಕತ್ತರಿ ಇಡುವ ಮುಂಚೆ ಒಂದು ಗಳಿಗೆ ಉಸಿರು ಬಿಗಿಹಿಡಿಯುತ್ತಾನೆ. ಗುಂಡಿ ಹದಿನಾರಕ್ಕೇ ಸೀಮೆಸುಣ್ಣದ ಎರಡು ಗುರುತು ಹಾಕಿ, ಮಾತಾಡುತ್ತಾ, ಬೀದಿ ನೋಡುತ್ತಾ, ತೋಳಿನ ತಿರುವನ್ನು ಒಂದೇ ಏಟಿಗೆ ಕತ್ತರಿಸಿ ಬಿಸಾಡುತ್ತಿದ್ದಳು. ಎಡದ ತೋಳನ್ನು ಬಲದ ತೋಳಿನ ಮೇಲಿಟ್ಟರೆ ಒಂದು ನೂಲು ಆಚೀಚೆ ಇರುತ್ತಿರಲಿಲ್ಲ. ಟೇಪಕ್ಕ ಬಂದವರಿಗೆಲ್ಲ ಅದನ್ನು ತೋರಿಸಿ ಬೀಗುತ್ತಿದ್ದಳು. ಸುಳ್ಳು ಯಾಕೆ ಹೇಳಬೇಕು, ಒಳಗೊಳಗೆ ಒಂಚೂರು ಹೊಟ್ಟೆಯೂ ಉರಿಯುತ್ತಿತ್ತು. ಗಿರಾಕಿಗಳು ಬಾಗಿಲಲ್ಲೇ, "ನಿಮ್ ತಂಗೀನೇ ಕತ್ತರಿಸ್ಬೇಕು ಆಯ್ತಾ?" ಎನ್ನತೊಡಗಿದಾಗ ಯಾರಿಗಾದರೂ ಆಗುವಂಥದ್ದೇ.

ಈಗ ಟೇಪಿನ ಕಥೆ ಹೇಳಬೇಕು, ಅದನ್ನು ಹೇಳದೆ ಇದು ಅರ್ಥವಾಗುವುದಿಲ್ಲ. ಅಪ್ಪನ ಕಾಲದ ಟೇಪು ಒಂದಿತ್ತು. ಅದರ ಮೊದಲ ಇಂಚು ಸವೆದು ಎಳೆಎಳೆಯಾಗಿ ಹೋದಾಗ, ಅಪ್ಪ ಅದನ್ನು ಚಕ್ಕನೆ ಕತ್ತರಿಸಿ ಎಸೆದು, "ಇನ್ಮೇಲೆ ಒಂದು ಕಳೆದು ಬರೀರಿ," ಎಂದಿದ್ದ. ಒಂದರಿಂದ ಶುರುವಾಗುವ ಟೇಪು. ಸೊಂಟಕ್ಕೆ ಸುತ್ತಿದಾಗ ಮೂವತ್ತೊಂದು ತೋರಿಸಿದರೆ ಪುಸ್ತಕದಲ್ಲಿ ಮೂವತ್ತು ಎಂದು ಬರೆಯಬೇಕು. ಹೊಸದು ಕೊಂಡರೆ ಆಗುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಆಗುತ್ತಿತ್ತು. ಆದರೆ ಅಪ್ಪನದು. ಟೇಪಕ್ಕ ಹದಿನೇಳು ವರ್ಷ ಅದರಲ್ಲೇ ಅಳೆದಳು, ಹದಿನೇಳು ವರ್ಷ ಒಂದು ಕಳೆದಳು. ಕಳೆಯುವುದನ್ನು ಆಮೇಲಾಮೇಲೆ ತಲೆ ಮಾಡುತ್ತಿರಲಿಲ್ಲ, ಕೈಯೇ ಮಾಡುತ್ತಿತ್ತು. ಗುಂಡಿ ಅದಕ್ಕೆ ಮೊಂಡು ಟೇಪು ಎಂದು ಹೆಸರಿಟ್ಟಿದ್ದಳು. ಕೊನೆಗೆ ಅಂಕಿಗಳೇ ಅಳಿಸಿಹೋದಾಗ ತಾನೇ ಹೋಗಿ ಹಳದಿ ಬಣ್ಣದ ಹೊಚ್ಚ ಹೊಸ ಟೇಪು ತಂದು ಅಕ್ಕನ ಕೊರಳಿಗೆ ಹಾಕಿದಳು.

ಆ ವಾರವೇ ಬ್ಯಾಂಕ್ ಮ್ಯಾನೇಜರರ ಹೆಂಡತಿ ಮಗಳನ್ನು ಕರೆದುಕೊಂಡು ಬಂದಳು. ಮದುವೆಯ ಗೌನು. ಹುಡುಗಿ ಪರ ಊರಿನಲ್ಲಿ ಓದುವವಳು, ಅಳತೆ ಕೊಟ್ಟು ಅವತ್ತೇ ಹೋಗಬೇಕು, ಇನ್ನು ಬರುವುದು ಎಂಟು ದಿನದ ಮೇಲೆ, ಮದುವೆಯ ಹಿಂದಿನ ದಿನವೇ. ನಡುವೆ ತೊಡಿಸಿ ನೋಡುವ ಮಾತೇ ಇಲ್ಲ. ಬಟ್ಟೆಯೋ, ಊದಿದರೆ ಹಾರುವಂಥದ್ದು, ಒಳಗಿನದೆಲ್ಲ ಹೊರಗೆ ಕಾಣುವಂಥದ್ದು. "ಹೊಲಿಗೆ ಒಳಗೆ ಜಾಸ್ತಿ ಬಟ್ಟೆ ಬಿಡ್ಬೇಡ, ಅಸಹ್ಯವಾಗಿ ಕಾಣುತ್ತೆ," ಎಂದು ಆಮೇಲೆ ಗುಂಡಿಗೆ ಹೇಳಿದವಳೂ ಟೇಪಕ್ಕನೇ. ಅಳತೆ ಕೊಟ್ಟ ದಿನ ಗುಂಡಿ ಜರಿ ತರಲು ಪೇಟೆಗೆ ಹೋಗಿದ್ದಳು. ಟೇಪಕ್ಕ ಹೊಸ ಟೇಪಿನಲ್ಲಿ ಅಳೆದಳು. ಎದೆ, ಸೊಂಟ, ತೋಳು, ಬೆನ್ನು. ಅಳೆದಳು, ಬರೆದಳು. ಪ್ರತಿಯೊಂದರಲ್ಲೂ ಒಂದು ಕಳೆದು ಬರೆದಳು.

ಮದುವೆಯ ಹಿಂದಿನ ದಿನ ಹುಡುಗಿ ಬಂದು ಪರದೆಯ ಹಿಂದೆ ಹೋದಳು. ಗೌನು ಪಕ್ಕೆಲುಬಿನ ಮೇಲೆ ಏರಲಿಲ್ಲ. ತಾಯಿ ಎಳೆದಳು, ಹುಡುಗಿ ಉಸಿರು ಕಟ್ಟಿದಳು, ಬೆನ್ನಿನ ಬಟ್ಟೆ ಪರ್ ಎಂದು ಉದ್ದಕ್ಕೆ ಹರಿಯಿತು. ಆಮೇಲೆ ಕೇಳಬೇಕೆ! ತಾಯಿಯ ಬಾಯಿಗೆ ಬೀದಿಯೆಲ್ಲ ಅಂಗಡಿಯ ಮುಂದೆ ಸೇರಿತು.

"ಅಕ್ಕ, ಪುಸ್ತಕದಲ್ಲಿ ಇದ್ದ ಹಾಗೇ ಕತ್ತರಿಸಿದ್ದೀನಿ," ಎಂದಳು ಗುಂಡಿ ಮೆಲ್ಲಗೆ.

"ಹಾಗಾದ್ರೆ ನಾನು ತಪ್ಪು ಅಳೆದ್ನಾ? ನೀನು ಹುಟ್ಟೋಕ್ಕೆ ಮುಂಚಿಂದ ಅಳೀತಿರೋಳು ನಾನು!" ಟೇಪಕ್ಕನಿಗೆ ತಾನೇನು ಹೇಳುತ್ತಿದ್ದೇನೆಂಬ ಪರಿವೆ ಇರಲಿಲ್ಲ. "ಮೈಮೇಲೆ ಪ್ರಜ್ಞೆ ಇಟ್ಕೊಂಡು ಕತ್ತರಿಸಿದ್ರೆ ಹೀಗಾಗ್ತಿತ್ತಾ? ನಿನ್ನ ಕೈಗೆ ಕತ್ತರಿ ಕೊಟ್ಟಿದ್ದೇ ನನ್ನ ತಪ್ಪು. ಇನ್ನು ಮುಟ್ಟಬೇಡ!"

ಹರಿದ ಗೌನನ್ನು ಅಳೆದು ಪುಸ್ತಕದ ಜೊತೆ ತಾಳೆ ನೋಡಿದ್ದರೆ ಅಲ್ಲೇ, ಆ ಕ್ಷಣವೇ, ಎಲ್ಲ ತಿಳಿಯುತ್ತಿತ್ತು. ಆದರೆ ತಾಯಿ ಅದನ್ನು ಮುದ್ದೆ ಮಾಡಿ ಕಂಕುಳಲ್ಲಿಟ್ಟುಕೊಂಡು ಮಗಳನ್ನು ಎಳೆದುಕೊಂಡು ಹೊರಟುಹೋದಳು. ಇಪ್ಪತ್ತೆರಡು ವರ್ಷದ ಗುಂಡಿ ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಸಂಜೆ ಆರಕ್ಕೆ ಒಬ್ಬ ಮುದುಕ ಪ್ಯಾಂಟಿನ ಅಳತೆ ಕೊಡಲು ಬಂದ. ಟೇಪು ಮೂವತ್ತಾರು ತೋರಿಸಿತು. ಕೈ ಮೂವತ್ತೈದು ಎಂದು ಬರೆಯಿತು. ಬರೆದ ಕೈ ಹಾಗೇ ನಿಂತಿತು. ಟೇಪಕ್ಕ ಹಳದಿ ಟೇಪಿನ ತುದಿ ನೋಡಿದಳು, ಅದು ಸರಿಯಾಗಿ ಸೊನ್ನೆಯಿಂದಲೇ ಶುರುವಾಗಿತ್ತು. ಮುದುಕ, "ಏನಾಯ್ತಮ್ಮ?" ಎಂದ. "ಏನಿಲ್ಲ," ಎಂದು ಐದನ್ನು ತಿದ್ದಿ ಆರು ಮಾಡಿದಳು.

ಆಗಲೇ ಒಳಗೆ ಹೋಗಿ ಹೇಳಬೇಕಿತ್ತು. ನಾಲ್ಕು ಹೆಜ್ಜೆ. ಹೋದಳು ಕೂಡ. ಮಲಗಿದ್ದ ತಂಗಿಯ ತಲೆ ಸವರಿದಳು. ಬಾಯಿ ಬರಲಿಲ್ಲ. ಇವಳಿಗೆ ಹೇಳಿದರೆ ಆ ತಾಯಿಗೂ ಹೇಳಬೇಕು, ಬೀದಿಗೂ ಹೇಳಬೇಕು. ಎತ್ತಿ ಆಡಿಸಿದ ಹುಡುಗಿಯ ಮುಂದೆ ತಲೆ ತಗ್ಗಿಸಬೇಕು. ಬೆಳಿಗ್ಗೆ ಹೇಳೋಣ ಎಂದುಕೊಂಡಳು. ಬೆಳಿಗ್ಗೆ ನೋಡಿದರೆ ಗುಂಡಿ ಬ್ಯಾಗು ತುಂಬಿ ಕೂತಿದ್ದಳು. ದೂರದ ಊರಿನ ಚಿಕ್ಕಮ್ಮನ ಮನೆಗೆ ಹೋಗುತ್ತೇನೆಂದಳು. ಎರಡು ದಿನ ಇದ್ದು ಕೋಪ ಇಳಿದ ಮೇಲೆ ಬರುತ್ತಾಳೆ, ಬಂದ ಮೇಲೆ ಹೇಳೋಣ ಎಂದು ಟೇಪಕ್ಕ ಆಗಲೂ ಸುಮ್ಮನಿದ್ದಳು. ಗುಂಡಿ ಬರಲೇ ಇಲ್ಲ.

ಜಗಳ ಎಂದೇನಿಲ್ಲ. ವರ್ಷಕ್ಕೆ ಎರಡು ಸಲ ಫೋನು. "ಹೇಗಿದ್ದೀಯ?" "ಚೆನ್ನಾಗಿದ್ದೀನಿ. ನೀನು?" "ಚೆನ್ನಾಗಿದ್ದೀನಿ." ಟೇಪಕ್ಕ ಆ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಅತ್ತ ಗುಂಡಿ, "ಸರಿ ಅಕ್ಕ, ಇಡ್ಲಾ?" ಎನ್ನುತ್ತಿದ್ದಳು. ಅವಳು ಏನೋ ಓದಿದಳಂತೆ, ಎಲ್ಲೋ ಕೆಲಸಕ್ಕಿದ್ದಳಂತೆ, ಈಗ ಸ್ವಂತದ್ದು ಮಾಡಿದ್ದಾಳಂತೆ. ಎಲ್ಲ ಅಂತೆ ಕಂತೆ. ಹೋದ ವಾರ ಬಸ್ ನಿಲ್ದಾಣದ ಗೋಡೆಯ ಮೇಲೆ ಫ್ಯಾಷನ್ ವೀಕಿನ ಪೋಸ್ಟರಿನಲ್ಲಿ ಆಳೆತ್ತರದ ಮುಖ ಕಂಡಾಗ ಟೇಪಕ್ಕ ಹತ್ತಬೇಕಿದ್ದ ಬಸ್ಸು ಬಿಟ್ಟಳು. ಕೂದಲು ಕತ್ತರಿಸಿಕೊಂಡಿದ್ದಾಳೆ, ಹೆಸರೂ ಏನೋ ಎರಡಕ್ಷರದ ಹೊಸದು, ಆದರೆ ಎಡಗಲ್ಲದ ಗುಳಿ ಹಾಗೇ ಇದೆ. ಊರಿಗೆ ಬರುತ್ತಿದ್ದಾಳೆ; ಅಕ್ಕನಿಗೊಂದು ಮಾತು ಹೇಳಿಲ್ಲ. ಟೇಪಕ್ಕ ಗೋಡೆಗೆ ಬೆನ್ನು ಕೊಟ್ಟು ನಿಂತು ಸೆರಗಿಲ್ಲದ ಚೂಡಿದಾರದ ಹೆಗಲಿಗೇ ಕಣ್ಣು ಒರೆಸಿಕೊಂಡಳು.

ಪಾಸು ಕೊಡಿಸಿದವನು ಪಕ್ಕದಂಗಡಿಯ ಇಸ್ತ್ರಿಯಣ್ಣ. ಅಲ್ಲಿ ವೇದಿಕೆಯ ಹಿಂದೆ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಕೆಲಸ ಅವನಿಗೆ ಸಿಕ್ಕಿತ್ತು, ಜೊತೆಗೆ ಎರಡು ಪಾಸು. "ವೀಕ್ ಅಂತಾರೆ, ಇರೋದು ನಾಲ್ಕೇ ದಿನ," ಎಂದು ಅವನು ಬಸ್ಸಿನಲ್ಲಿ ನಕ್ಕ. "ಇವ್ರ ಅಳತೆನೇ ಸರಿ ಇಲ್ಲ ನೋಡು ಟೇಪಕ್ಕ."

ಅಳತೆಯ ಮಾತು ಕೇಳಿ ಟೇಪಕ್ಕ ಕಿಟಕಿಯ ಕಡೆ ತಿರುಗಿದಳು. ಅವನಿಗೆ ಗೊತ್ತಿದ್ದದ್ದು ಇಷ್ಟೇ: ತಂಗಿಗೆ ಒಂದು ಮಾತು ಹೇಳುವುದಿದೆ, ಷೋ ಮುಗಿದ ಮೇಲೆ ಪಕ್ಕದ ಬಾಗಿಲಿನಿಂದ ಒಳಗೆ ಬಿಡಿಸಬೇಕು.

ಮುಚ್ಚಿಹೋಗಿದ್ದ ನೂಲಿನ ಗಿರಣಿಯನ್ನು ಸುಣ್ಣ ಬಣ್ಣ ಮಾಡಿ ಫ್ಯಾಷನ್ ವೀಕಿಗೆ ಸಜ್ಜು ಮಾಡಿದ್ದರು. ಗೇಟಿನಲ್ಲಿ ಕೈಗೆ ಕಾಗದದ ಪಟ್ಟಿ ಸುತ್ತಿದರು. ಒಳಗೆ ಕಾಲಿಟ್ಟದ್ದೇ ತಡ, ಟೇಪಕ್ಕನ ಕಣ್ಣು ತನ್ನ ಚಾಳಿ ಬಿಡಲಿಲ್ಲ. ಒಬ್ಬಳ ಕೋಟಿನ ಒಂದು ತೋಳು ಮೊಣಕೈಗೆ, ಇನ್ನೊಂದು ಬೆರಳ ತುದಿಗೆ. ಒಬ್ಬನ ಪ್ಯಾಂಟಿನ ಅಂಚೇ ಮಡಿಸಿಲ್ಲ, ಎಳೆಗಳು ನೆಲ ಗುಡಿಸುತ್ತಿವೆ. ಪಾಪ, ಅವಸರದಲ್ಲಿ ಬಂದನೇನೋ ಎಂದು ಅವಳಿಗೆ ಕನಿಕರವಾಯಿತು. ಇನ್ನೊಬ್ಬನದೂ ಹಾಗೇ ಕಂಡಾಗ, ಓ, ಇದು ಬೇಕಂತಲೇ ಮಾಡಿದ್ದು ಎಂದು ಹೊಳೆಯಿತು. ಚೀಲದಲ್ಲಿ ಸೂಜಿ ದಾರ ಇತ್ತು, ಕೈ ತುರಿಸುತ್ತಿತ್ತು, ತಡೆದುಕೊಂಡಳು. ಇಷ್ಟೆಲ್ಲದರ ನಡುವೆಯೂ ಬಾಯಿ ಆ ಒಂದು ಮಾತನ್ನು ಒಳಗೊಳಗೇ ಉರು ಹೊಡೆಯುತ್ತಿತ್ತು.

ಕೊನೆಯ ಸಾಲಿನ ಕೊನೆಯ ಕುರ್ಚಿ ಸಿಕ್ಕಿತು. ಪಕ್ಕದಲ್ಲಿ ನೋಟುಪುಸ್ತಕ ಹಿಡಿದ ಒಬ್ಬ ಹುಡುಗಿ, ಇದನ್ನೇ ಓದುವ ವಿದ್ಯಾರ್ಥಿನಿಯಂತೆ. ದೀಪ ಆರಿತು, ಎದೆ ಗುದ್ದುವ ಹಾಗೆ ಸಂಗೀತ ಶುರುವಾಯಿತು. ಉದ್ದುದ್ದ ಕಾಲಿನ ಹುಡುಗಿಯರು ಒಬ್ಬರ ಹಿಂದೆ ಒಬ್ಬರು ಬಂದು, ಮನೆಯಲ್ಲಿ ಯಾರೋ ತೀರಿಕೊಂಡವರ ಹಾಗೆ ಮುಖ ಮಾಡಿಕೊಂಡು, ತಿರುಗಿ ಹೋದರು. ಎರಡು ಷೋ ಮುಗಿದವು. ಮೂರನೆಯದು ಗುಂಡಿಯದು.

ಮೊದಲ ಹುಡುಗಿ ಬಂದಾಗ ಟೇಪಕ್ಕ ಕುರ್ಚಿಯ ಅಂಚಿಗೆ ಸರಿದಳು. ಎರಡನೆಯವಳು ಬಂದಳು, ಮೂರನೆಯವಳು ಬಂದಳು. ಟೇಪಕ್ಕನಿಗೆ ಏನೋ ತಪ್ಪಿದೆ ಅನ್ನಿಸತೊಡಗಿತು. ತೋಳಿನ ತಿರುವು ಎಲ್ಲಿ? ಕತ್ತಿನ ತಿರುವು ಎಲ್ಲಿ? ಉಡುಪು ಚೆಂದವಿಲ್ಲವೆಂದಲ್ಲ, ಕಣ್ಣು ಕೀಳಲಾಗದಷ್ಟು ಚೆಂದವಿತ್ತು. ಆದರೆ ಎಲ್ಲವೂ ಇಡೀ ಇಡೀ ಬಟ್ಟೆ. ಹೆಗಲ ಮೇಲೆ ಮಡಿಸಿ, ಸೊಂಟದಲ್ಲಿ ನೆರಿಗೆ ಹಿಡಿದು, ಗಂಟು ಹಾಕಿ, ಪಿನ್ನು ಚುಚ್ಚಿ ನಿಲ್ಲಿಸಿದ್ದು. ಸೀಳಿಲ್ಲ, ಒಂದು ಕಡೆಯೂ ಕತ್ತರಿ ಆಡಿಲ್ಲ.

"ಇದ್ಯಾಕಮ್ಮ ಹೀಗೆ?" ಎಂದು ಪಕ್ಕದವಳನ್ನು ಕೇಳಿದಳು.

"ಅದೇ ಅವರ ಸ್ಪೆಷಲ್ಲು ಆಂಟಿ! ಕತ್ತರಿ ತಾಗದ ಉಡುಪು. ಅವರು ಕತ್ತರಿನೇ ಮುಟ್ಟಲ್ಲ. ಅವರ ಸ್ಟುಡಿಯೋದಲ್ಲಿ ಒಂದು ಕತ್ತರಿ ಕೂಡ ಇಲ್ವಂತೆ. ಎಂಥಾ ಐಡಿಯಾ ಅಲ್ವಾ?"

ಇಡೀ ಸಭೆ ಚಪ್ಪಾಳೆ ತಟ್ಟುತ್ತಿತ್ತು. ಷೋ ಮುಗಿದು ಗುಂಡಿ ರ‍್ಯಾಂಪಿನ ತುದಿಗೆ ಬಂದಳು, ಕಪ್ಪು ಬಟ್ಟೆ, ಬರಿಗಾಲು. ನಿರೂಪಕ ಮೈಕು ಹಿಡಿದು ಎಲ್ಲರ ಪರವಾಗಿ ಅದೇ ಪ್ರಶ್ನೆ ಕೇಳಿದ: ಕತ್ತರಿಯ ಮೇಲೆ ಯಾಕೆ ಇಷ್ಟು ಮುನಿಸು?

"ಮುನಿಸಲ್ಲ, ಭಯ," ಎಂದು ಗುಂಡಿ ನಕ್ಕಳು. "ನನ್ನ ಕೈ ಕತ್ತರಿಸೋ ಕೈ ಅಲ್ಲ. ಚಿಕ್ಕೋಳಿದ್ದಾಗ ನಂದೇ ದೊಡ್ಡದು ಅಂತ ಮೆರೀತಿದ್ದೆ. ಒಂದಿನ ಒಬ್ಬ ಹುಡುಗಿಯ ಮದುವೆ ಬಟ್ಟೆ ಹಾಳು ಮಾಡ್ದೆ. ಮದುವೆ ನಾಳೆ ಅನ್ನೋವಾಗ. ಎಲ್ಲಿ ತಪ್ಪಿದೆ ಅಂತ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಕತ್ತರಿ ಹಿಡಿದ್ರೆ ಕೈ ನಡುಗುತ್ತೆ. ನನ್ನ ಸಾಕಿದೋರು ಇನ್ನು ಮುಟ್ಟಬೇಡ ಅಂದ್ರು. ಅವರು ಹೇಳಿದ್ದು ಸರಿಯಾಗೇ ಇತ್ತು."

ಮತ್ತೆ ಚಪ್ಪಾಳೆ. ಪಕ್ಕದ ಹುಡುಗಿ ಅದನ್ನೆಲ್ಲ ಗೀಚಿಕೊಂಡಳು. ಟೇಪಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಳು. ತಂಗಿ ತನ್ನ ಮೇಲೆ ಕೋಪ ಮಾಡಿಕೊಂಡಿದ್ದಾಳೆ ಎಂದೇ ಇಷ್ಟು ವರ್ಷ ನಂಬಿದ್ದಳು. ಕೋಪವಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಇವಳು ತಪ್ಪು ತನ್ನದೇ ಎಂದು ನಂಬಿಬಿಟ್ಟಿದ್ದಾಳೆ. ಅಂಥ ಕೈ, ದೇವರು ಕೂತು ಮಾಡಿದಂಥ ಕೈ, ಹನ್ನೊಂದು ವರ್ಷ ನಡುಗಿದೆ.

ಇಸ್ತ್ರಿಯಣ್ಣ ಪಕ್ಕದ ಬಾಗಿಲಲ್ಲಿ ಕಾದಿದ್ದ. ಒಳಗೆ ಹಬೆ, ಕೂದಲಿಗೆ ಹೊಡೆಯುವ ಔಷಧಿಯ ಘಾಟು, ಕಂಬಿಗಳ ಮೇಲೆ ಸಾಲು ಸಾಲು ಬಟ್ಟೆ. ಗುಂಡಿ ಮಣಿಕಟ್ಟಿನಲ್ಲಿ ಪಿನ್ನಿನ ದಿಂಬು ಕಟ್ಟಿಕೊಂಡು ಒಬ್ಬಳ ಹೆಗಲಿನ ಗಂಟು ಬಿಚ್ಚುತ್ತಿದ್ದಳು. ತಲೆ ಎತ್ತಿದಳು.

"ಅಕ್ಕಾ? ನೀನಾ?"

ಓಡಿಬಂದು ತಬ್ಬಿಕೊಂಡಳು. ಪಿನ್ನೊಂದು ಟೇಪಕ್ಕನ ಬೆನ್ನಿಗೆ ಚುಚ್ಚಿತು, ಅವಳು ಹಾ ಎನ್ನಲಿಲ್ಲ. "ಬೈಬೇಡ ಕಣೆ ಅಕ್ಕ. ಬಂದು ಮೂರು ದಿನ ಆಯ್ತು. ದಿನಾ ನಮ್ಮ ಬೀದಿ ತುದಿವರೆಗೂ ಬಂದು ವಾಪಸ್ ಹೋಗ್ತಿದ್ದೆ. ಯಾವ ಮುಖ ಇಟ್ಕೊಂಡು ಬರ್ಲಿ ಹೇಳು? ನಾನು ಮಾಡೋದನ್ನ ನೋಡಿ ನೀನು, ಇದೂ ಒಂದು ಹೊಲಿಗೇನಾ ಅಂತೀಯೇನೋ ಅಂತ..." ಅಷ್ಟರಲ್ಲಿ ತಿರುಗಿ ಎಲ್ಲರಿಗೂ ಕೇಳುವಂತೆ, "ನಮ್ಮಕ್ಕ! ನೋಡ್ರೋ, ನಮ್ಮಕ್ಕ ಬಂದಿದ್ದಾಳೆ!" ಎಂದಳು.

ಈಗ ಹ್ಞೂಂ ಎಂದು ತಲೆ ಸವರಿ ಸುಮ್ಮನಿದ್ದರೂ ಆಗುತ್ತಿತ್ತು. ತಂಗಿ ಸಿಕ್ಕಳು, ಸಾಕಲ್ಲ! ಆದರೆ ಟೇಪಕ್ಕನಿಗೆ ಕಾಣುತ್ತಿದ್ದದ್ದು ಆ ಕೈಯೊಂದೇ. ಎರಡೂ ಕೈಯಿಂದ ಅದನ್ನು ಹಿಡಿದುಕೊಂಡಳು.

"ಗುಂಡೀ, ಆ ಮದುವೆ ಗೌನು... ತಪ್ಪು ನಂದು ಕಣೆ. ನಿಂದಲ್ಲ."

"ಅಯ್ಯೋ, ಬಿಡೆ. ನೀನು ಬೈದಿದ್ದನ್ನ ನಾನು ಮನಸಲ್ಲಿ ಇಟ್ಕೊಂಡಿಲ್ಲ."

"ಬೈದಿದ್ದಲ್ಲ, ಅಳತೆ! ಹೊಸಾ ಟೇಪಲ್ಲಿ ಅಳೆದು, ಮೊಂಡು ಟೇಪಿನ ಅಭ್ಯಾಸದಲ್ಲಿ ಒಂದು ಕಳೆದು ಬರೆದೆ. ಎದೆಗೂ ಒಂದು, ಸೊಂಟಕ್ಕೂ ಒಂದು, ಎಲ್ಲದಕ್ಕೂ. ನೀನು ಕತ್ತರಿಸಿದ್ದರಲ್ಲಿ ಒಂದು ನೂಲೂ ತಪ್ಪಿರ್ಲಿಲ್ಲ. ನಿನ್ನ ಕೈಯಿಂದ ಯಾವತ್ತೂ ತಪ್ಪಿಲ್ಲ."

ಗುಂಡಿಯ ತುಟಿ ಅಲುಗಿತು, ಲೆಕ್ಕ ಹಾಕುವವಳ ಹಾಗೆ. ನಿಧಾನವಾಗಿ ಮುಖ ಅರಳಿತು. "ನಾನಲ್ಲ?" ಎಂದಳು. ತನ್ನ ಬಲಗೈಯನ್ನು ಬಿಡಿಸಿಕೊಂಡು ತಿರುಗಿಸಿ ಮುರುಗಿಸಿ ನೋಡಿದಳು. "ಹಾಗಾದ್ರೆ ನಾನಲ್ಲ! ಅಯ್ಯೋ ಅಕ್ಕ, ನಾನಲ್ವಂತೆ!" ನಗುತ್ತಲೇ ಅಳತೊಡಗಿದಳು. ಅಕ್ಕನ ಕೆನ್ನೆಗೆ ಮುತ್ತು ಕೊಟ್ಟಳು. "ಎಂಥ ಪೆದ್ದಿಗಳೇ ನಾವಿಬ್ರು! ಮೊಂಡು ಟೇಪು! ಇಷ್ಟು ವರ್ಷ ಇಬ್ರಲ್ಲಿ ಒಬ್ರಿಗಾದ್ರೂ ಹೊಳೀಬಾರ್ದಿತ್ತಾ?"

ಅಯ್ಯೋ, ಇಲ್ಲಿಗೇ ಯಾರಾದರೂ ಆ ಹೊತ್ತನ್ನು ಹಿಡಿದು ನಿಲ್ಲಿಸಬಾರದಿತ್ತೇ! ಟೇಪಕ್ಕನ ಜನ್ಮದಲ್ಲಿ ಅಂಥ ಸುಖ ಇನ್ನೊಂದಿಲ್ಲ. ಮೈಯೆಲ್ಲ ಹಗುರಾಗಿತ್ತು. ಗುಂಡಿ ಕಣ್ಣು ಒರೆಸಿಕೊಳ್ಳುತ್ತಾ, ಇನ್ನೂ ನಗುತ್ತಲೇ, ಮಾತಿಗೆ ಮಾತು ಎಂಬಂತೆ ಕೇಳಿದಳು:

"ನಿಂಗೆ ಯಾವಾಗ ಹೊಳೀತು?"

ಮೊನ್ನೆ ಎಂದರೆ ಮುಗಿದುಹೋಗುತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಎದುರಿಗಿದ್ದ ಮುಖ, ಹತ್ತು ವರ್ಷದವಳಿದ್ದಾಗ ಹೇಗೆ ಅಕ್ಕನ ಮಾತನ್ನೆಲ್ಲ ನಂಬುತ್ತಿತ್ತೋ ಹಾಗೇ ನಂಬಿಕೊಂಡು ನೋಡುತ್ತಿತ್ತು. ಆ ಮುಖಕ್ಕೆ ಇನ್ನೊಂದು ಸುಳ್ಳು ಹೇಳಲು ಟೇಪಕ್ಕನಿಂದ ಆಗಲಿಲ್ಲ.

"ಅವತ್ತೇ," ಎಂದಳು.

"ಯಾವತ್ತು?"

"ಗೌನು ಹರಿದ ದಿನಾನೇ ಕಣೆ. ಸಂಜೆ ಆರಕ್ಕೆ."

ಗುಂಡಿಯ ನಗು ಒಮ್ಮೆಲೇ ಹೋಗಲಿಲ್ಲ. ಅರ್ಥವಾಗದವಳ ಹಾಗೆ ಇನ್ನೂ ಸ್ವಲ್ಪ ಹೊತ್ತು ತುಟಿಯ ಮೇಲೆ ಉಳಿದಿತ್ತು.

"ನಾನಿನ್ನೂ ಮನೇಲೇ ಇದ್ನಲ್ಲ ಅಕ್ಕ," ಎಂದಳು.

"ಇದ್ದೆ."

"ಎದ್ದೇ ಇದ್ದೆ. ನೀನು ಬಂದು ತಲೆ ಸವರಿದೆ. ಬೆಳಿಗ್ಗೆ ಬ್ಯಾಗಿನ ಜಿಪ್ಪು ಸಿಕ್ಕಾಕೊಂಡಾಗ ನೀನೇ ಹಾಕ್ಕೊಟ್ಟೆ. ಗೊತ್ತಿದ್ದೂ?"

ಟೇಪಕ್ಕ ತಲೆ ತಗ್ಗಿಸಿದಳು. ಯಾರೋ ಫೋಟೋಗೆಂದು ಗುಂಡಿಯ ಹೊಸ ಹೆಸರು ಹಿಡಿದು ಕೂಗಿದರು. "ಬಂದೆ," ಎಂದಳು ಗುಂಡಿ. ಮುಖ ಒರೆಸಿಕೊಂಡಳು. ಅಕ್ಕನ ತೋಳಿನ ಮೇಲಿದ್ದ ಕೈ ತೆಗೆದಳು, ಕೊಡವಿ ತೆಗೆಯಲಿಲ್ಲ, ಬಸ್ಸಿನಲ್ಲಿ ತಪ್ಪಿ ಇನ್ನೊಬ್ಬರನ್ನು ಹಿಡಿದುಕೊಂಡವರು ತೆಗೆಯುವ ಹಾಗೆ ತೆಗೆದಳು. ದನಿ ಏರಲಿಲ್ಲ.

"ನೀವಿನ್ನು ಹೊರಡಿ. ಇಲ್ಲಿ ಜಾಗ ಇಕ್ಕಟ್ಟು, ಎಲ್ಲರಿಗೂ ಕೆಲಸ ಇದೆ."

ಟೇಪಕ್ಕ ಹೊರಗೆ ಬಂದಾಗ ಇಸ್ತ್ರಿಯಣ್ಣ ಗಿರಣಿಯ ಮೆಟ್ಟಿಲ ಮೇಲೆ ಕೂತು ಇಸ್ತ್ರಿಪೆಟ್ಟಿಗೆಯ ವೈರು ಸುತ್ತುತ್ತಿದ್ದ. ಇನ್ನೂ ಬಿಸಿಲಿತ್ತು. ಅಂಚು ಮಡಿಸದ ಪ್ಯಾಂಟಿನವರು, ಗಿಡ್ಡ ಉದ್ದ ತೋಳಿನ ಕೋಟಿನವರು ಗುಂಪುಗುಂಪಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

"ಹೇಳಿದ್ಯಾ?"

"ಹೇಳ್ದೆ."

"ಏನಂದ್ಲು?"

"ಹೊರಡಿ ಅಂದ್ಲು."

"ಓ, ಅಷ್ಟೇನಾ? ಷೋ ಗಡಿಬಿಡಿ ಇರುತ್ತಪ್ಪ. ಹೊರಡು ಅಂದ್ರೆ ಅಂದ್ಲು, ಅದನ್ನ ಮನಸಿಗೆ ಹಚ್ಕೋತಾರಾ?"

"ಹೊರಡು ಅಂದಿದ್ರೆ ಬೈಸ್ಕೊಂಡೆ ಅಂತ ಕುಣ್ಕೊಂಡು ಮನೆಗೆ ಹೋಗ್ತಿದ್ನಲ್ಲೋ," ಎಂದಳು ಟೇಪಕ್ಕ. "ನೀವು ಹೊರಡಿ ಅಂದ್ಲು ಕಣೋ. ನನ್ನ ಗುಂಡಿ ನನಗೆ ನೀವು ಅಂದ್ಲು." ಅಲ್ಲೇ ಮೆಟ್ಟಿಲ ಮೇಲೆ ಕುಸಿದು, ಹೋಗುವ ಬರುವ ಜನರೆದುರಿಗೇ ಬಿಕ್ಕಿ ಬಿಕ್ಕಿ ಅತ್ತಳು.